ಎಲೆ ಹಳದಿಯಾಗಿತ್ತೋ, ಫೋಟೋ ಹಳದಿಯಾಗಿತ್ತೋ?

2021ರ ಕೊನೆಯ ತಿಂಗಳುಗಳು ನಮ್ಮ ಬಳ್ಳಾರಿ ಕಡೆ ಮೆಣಸಿನಕಾಯಿ ಹಾಕಿದವರಿಗೆ ಮರೆಯುವಂಥವಲ್ಲ. ಆಂಧ್ರ, ತೆಲಂಗಾಣದಲ್ಲಿ ಹೂವು ಉದುರಿಸುತ್ತಿದ್ದ ಕಪ್ಪು ಥ್ರಿಪ್ಸ್ ನುಸಿ ನಮ್ಮ ಹೊಲಗಳಿಗೂ ಬಂದಿತ್ತು. ನಾನಾಗ ಸಾವಯವಕ್ಕೆ ತಿರುಗಿ ಎರಡನೇ ವರ್ಷ. ಕುರುಗೋಡು ಕಡೆ ಎರಡು ಎಕರೆ ಎರೆ ಹೊಲದಲ್ಲಿ ಬ್ಯಾಡಗಿ ಹಾಕಿದ್ದೆ. ಒಂದು ಸಂಜೆ ಗಿಡದ ತುದಿ ಎಲೆ ಯಾಕೋ ಸರಿ ಕಾಣಲಿಲ್ಲ. ಅಷ್ಟೊತ್ತಿಗೆ ಹೊತ್ತು ಮುಳುಗಿತ್ತು. ನಾಲ್ಕು ಎಲೆ ಕಿತ್ಕೊಂಡು ಗಾಂಧಿನಗರದ ಮನೆಗೆ ಬಂದೆ. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಇಟ್ಟು, ಫೋನಿನಲ್ಲಿ ಫ್ಲ್ಯಾಶ್ ಹಾಕಿ ಫೋಟೋ ಹೊಡೆದು, ನನ್ನ ಜೊತೆ ತೋಟಗಾರಿಕೆ ಓದಿದ ಗೆಳತಿಗೆ ವಾಟ್ಸಾಪ್ ಮಾಡಿದೆ.

"ಎಲೆ ಪೂರ್ತಿ ಹಳದಿ ಆಗೈತಲ್ಲೇ, ಪೋಷಕಾಂಶದ ಕೊರತೆ ಇದ್ದಂಗೈತಿ. ಮೊದಲು ಗಿಡಕ್ಕೆ ಊಟ ಕೊಡು" ಅಂದಳು.

ಕೊಟ್ಟೆ. ಜೀವಾಮೃತ ಎರಡು ಸಲ ಹರಿಸಿದೆ. ಗಿಡ ಇನ್ನಷ್ಟು ಮೆತ್ತಗೆ, ಹಸಿರಾಗಿ ಚಿಗುರಿತು. ಅಂಥ ಚಿಗುರೇ ನುಸಿಗೆ ಇಷ್ಟ. ಎಂಟನೇ ದಿನ ಬೆಳಗ್ಗೆ ಸಾಲಿನ ಕೆಳಗೆ ಹೂವು ಉದುರಿ ಬಿದ್ದಿದ್ದು ನೋಡಿ ಎದೆ ಝಲ್ಲೆಂದಿತು. ಒಂದು ಹೂವನ್ನು ಬಿಳಿ ಹಾಳೆ ಮೇಲೆ ತಟ್ಟಿದರೆ ಕಪ್ಪು ಎಳ್ಳಿನ ಚೂರಿನಂಥವು ಹತ್ತೋ ಹನ್ನೆರಡೋ ಓಡಾಡಿದವು. ಆ ವರ್ಷ ಮೊದಲ ಬಿಡಿ ಕೊಯ್ಲು ಕೈಗೆ ಹತ್ತಲೇ ಇಲ್ಲ.

ತಪ್ಪು ಗೆಳತಿಯದಲ್ಲ. ಎಲೆಯ ಮೇಲ್ಭಾಗ ಸ್ವಲ್ಪ ಹಳದಿಗೆ ತಿರುಗಿದ್ದು ನಿಜ, ಆದರೆ ಫೋಟೋದಲ್ಲಿ ಅದು ಅರಿಶಿನ ಮೆತ್ತಿದ ಹಾಗಿತ್ತು. ಎಲೆಯ ಅಡಿಭಾಗದಲ್ಲಿ ನುಸಿ ಕೆರೆದ ಕಂದು ಗಾಯ ಇತ್ತಲ್ಲ, ಅದು ಫ್ಲ್ಯಾಶಿನ ಹೊಳಪಿನಲ್ಲಿ ಮುಚ್ಚಿಹೋಗಿತ್ತು. ಅವಳು ನನ್ನ ಅಡುಗೆಮನೆ ಬಲ್ಬಿಗೆ ಔಷಧಿ ಹೇಳಿದ್ದಳು!

ಆಮೇಲೆ ಕಪಾಟಿನಿಂದ ಹಳೇ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ಹೊರಗೆ ತೆಗೆದೆ. ಕಾಲೇಜಿನ ಕೊನೇ ವರ್ಷ ಪ್ರಾಜೆಕ್ಟಿಗೆ ಅಂತ ಅಪ್ಪ ಕೊಡಿಸಿದ್ದು, ಅಂಗೈಯಲ್ಲಿ ಹಿಡಿಸುತ್ತೆ. ಅದರ ಗುಂಡಿ ಒಂದೊಂದೇ ಒತ್ತಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಹತ್ತಿರ ಕ್ಯಾಮೆರಾ ಇಲ್ಲದಿದ್ರೆ ಚಿಂತೆ ಬೇಡ, ಅದೇ ಗುಂಡಿಗಳು ನಿಮ್ಮ ಫೋನಿನಲ್ಲೂ ಅಡಗಿ ಕೂತಿವೆ.

ಹತ್ತಿಗೂ ಅದಿರಿಗೂ ಒಂದೇ ಬಣ್ಣ

ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಪಂಚೆಯನ್ನ ನೆರಳಲ್ಲಿ ಹರವಿ, ಅದೊಂದೇ ಪೂರ್ತಿ ತುಂಬುವ ಹಾಗೆ ಫೋಟೋ ತೆಗೀರಿ. ಆಮೇಲೆ ಕಪ್ಪು ಛತ್ರಿಯನ್ನ ಅದೇ ಜಾಗದಲ್ಲಿಟ್ಟು ತೆಗೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಪಂಚೆ ಮಂಕಾಗಿ ಬೂದಿ ಬಣ್ಣಕ್ಕೆ ಬಂದಿರುತ್ತೆ, ಛತ್ರಿ ಬೆಳ್ಳಗಾಗಿ ಅದೇ ಬೂದಿ ಬಣ್ಣದ ಹತ್ತಿರ ಬಂದಿರುತ್ತೆ.

ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಹಾಗೇ. ಎದುರಿಗೆ ಇರೋದು ಹತ್ತಿ ರಾಶಿಯೋ, ಸಂಡೂರಿನ ಅದಿರಿನ ಗುಡ್ಡೆಯೋ ಅದಕ್ಕೆ ಗೊತ್ತಿಲ್ಲ. ಬರೋ ಬೆಳಕನ್ನೆಲ್ಲ ಸರಾಸರಿ ಮಾಡಿ, ಒಂದು ನಡುವಿನ ಬೂದಿ ಬಣ್ಣಕ್ಕೆ ತಂದು ನಿಲ್ಲಿಸುತ್ತೆ. ಮದುವೆ ಮನೆ ಫೋಟೋಗೆ ಇದು ಸಾಕು. ಎರೆ ಮಣ್ಣಿನ ಮೇಲಿನ ಎಲೆಗೆ ಸಾಲದು. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಮಣ್ಣು ತುಂಬಿದ್ರೆ ಕ್ಯಾಮೆರಾ "ಅಯ್ಯೋ, ಕತ್ತಲು" ಅಂತ ಬೆಳಕು ಜಾಸ್ತಿ ಒಳಗೆ ಬಿಡುತ್ತೆ. ಮಣ್ಣು ಬೂದಿಯಾಗುತ್ತೆ, ಅದರ ಜೊತೆ ಎಲೆಯೂ ತೆಳುವಾಗುತ್ತೆ. ಎಲೆ ಬಿಳಚಿಕೊಂಡಿದೆ, ಸಾರಜನಕ ಕಡಿಮೆ ಅಂತ ನೋಡಿದವರು ಹೇಳ್ತಾರೆ.

ಇದನ್ನ ಸರಿ ಮಾಡೋ ಗುಂಡಿಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅಂತ ಹೆಸರು. ಕ್ಯಾಮೆರಾದಲ್ಲಿ ಒಂದು ಚೌಕದೊಳಗೆ ಪ್ಲಸ್ ಮತ್ತು ಮೈನಸ್ ಗುರುತು ಇರುತ್ತೆ. ಸಾಮಾನ್ಯವಾಗಿ ಮೈನಸ್ 2ರಿಂದ ಪ್ಲಸ್ 2ರವರೆಗೆ ಹೋಗುತ್ತೆ, ಒಂದೊಂದು ಹೆಜ್ಜೆಗೂ ಮೂರನೇ ಒಂದು ಭಾಗ. ಪ್ಲಸ್ 1 ಅಂದ್ರೆ ಬೆಳಕು ಎರಡು ಪಟ್ಟು, ಮೈನಸ್ 1 ಅಂದ್ರೆ ಅರ್ಧ. ಕ್ಯಾಮೆರಾ ಪೂರ್ತಿ ಆಟೋದಲ್ಲಿದ್ರೆ ಈ ಗುಂಡಿ ಕೆಲಸ ಮಾಡಲ್ಲ, ಮೇಲಿನ ಚಕ್ರವನ್ನ ಪಿ ಅಂತ ಇರೋ ಕಡೆ ತಿರುಗಿಸಬೇಕು.

ಇಲ್ಲಿ ಹೊಸಬರೆಲ್ಲ ಎಡವುತ್ತಾರೆ, ನಾನೂ ಎಡವಿದ್ದೆ. ಹಿನ್ನೆಲೆ ಕಪ್ಪಾಗಿದ್ರೆ ಬೆಳಕು ಹೆಚ್ಚಿಸಬೇಕು ಅಂತ ಮನಸ್ಸು ಹೇಳುತ್ತೆ. ಮಾಡಬೇಕಾದದ್ದು ಉಲ್ಟಾ. ಕಪ್ಪು ಹೆಚ್ಚಿದ್ರೆ ಮೈನಸ್, ಬಿಳಿ ಹೆಚ್ಚಿದ್ರೆ ಪ್ಲಸ್. ಎರೆ ಮಣ್ಣಿನ ಮೇಲೆ ಎಲೆ ಅಂದ್ರೆ ನಾನು ಮೈನಸ್ ಮೂರನೇ ಎರಡಕ್ಕೆ ಇಡ್ತೀನಿ. ಬಿಳಿ ಹಾಳೆ ಮೇಲೆ ಎಲೆ ಇಟ್ರೆ ಪ್ಲಸ್ ಮೂರನೇ ಎರಡರಿಂದ ಪ್ಲಸ್ 1. ಮಸಾರಿ ಮಣ್ಣಿನವರಿಗೆ ಅಷ್ಟು ತೊಂದರೆ ಇಲ್ಲ, ಆ ಮಣ್ಣು ಹೆಚ್ಚುಕಡಿಮೆ ನಡುವಿನ ಬಣ್ಣದಲ್ಲೇ ಇರುತ್ತೆ.

ಬಿಳಿ ಹೂವಿನೊಳಗೆ ಕಪ್ಪು ನುಸಿ

ಕಪ್ಪು ಥ್ರಿಪ್ಸ್ ಕಷ್ಟದ ಗಿರಾಕಿ. ಉದ್ದ ಬರೀ ಒಂದು ಮಿಲಿಮೀಟರಿನಷ್ಟು. ಇದರ ಶಾಸ್ತ್ರೀಯ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಆಗ್ನೇಯ ಏಷ್ಯಾ ಕಡೆಯ ಕೀಟ, ನಮ್ಮ ದೇಶದಲ್ಲಿ ಮೊದಲು ವರದಿಯಾಗಿದ್ದು 2015ರಲ್ಲಿ, ಅದೂ ಬೆಂಗಳೂರಿನ ಪಪ್ಪಾಯದಲ್ಲಿ. ಹೆಣ್ಣು ಕಪ್ಪು ಕಂದು, ಗಂಡು ಹಳದಿ. ಮೆಣಸಿನ ಹೂವಿನೊಳಗೆ ಗುಂಪು ಕಟ್ಟಿ ಕೂರುತ್ತೆ.

ಬಿಸಿಲಲ್ಲಿ ಇಡೀ ಗಿಡದ ಫೋಟೋ ತೆಗೆದ್ರೆ ಕ್ಯಾಮೆರಾ ಕಡು ಹಸಿರು ಎಲೆಗೆ ಬೆಳಕು ಹೊಂದಿಸಿಕೊಳ್ಳುತ್ತೆ. ಹೂವು ಸುಟ್ಟು ಬರೀ ಬಿಳಿ ಮಚ್ಚೆಯಾಗುತ್ತೆ. ಹೀಗೆ ಸುಟ್ಟ ಜಾಗದಲ್ಲಿ ಆಮೇಲೆ ಎಷ್ಟೇ ಎಡಿಟ್ ಮಾಡಿದ್ರೂ ಏನೂ ಸಿಗಲ್ಲ, ಅಲ್ಲಿ ಮಾಹಿತಿಯೇ ದಾಖಲಾಗಿರಲ್ಲ. ಕತ್ತಲಾದ ಫೋಟೋದಿಂದ ಸ್ವಲ್ಪ ಎಳೆದು ತೆಗೀಬಹುದು, ಸುಟ್ಟ ಫೋಟೋದಿಂದ ಆಗಲ್ಲ. ಅನುಮಾನ ಬಂದ್ರೆ ಮೈನಸ್ ಕಡೆಗೇ ಇರಿ.

ನಾನು ಮಾಡೋದು ಹೀಗೆ. ಮೀಟರಿಂಗ್ ಅನ್ನೋ ಆಯ್ಕೆಯಲ್ಲಿ ಸ್ಪಾಟ್ ಹಾಕ್ತೀನಿ, ಆಗ ನಡುವಿನ ಸಣ್ಣ ಜಾಗವನ್ನಷ್ಟೇ ಕ್ಯಾಮೆರಾ ಅಳೆಯುತ್ತೆ. ಆ ಜಾಗವನ್ನ ಹೂವಿನ ಎಸಳಿನ ಮೇಲೆ ಇಟ್ಟು, ಗುಂಡಿಯನ್ನ ಅರ್ಧ ಒತ್ತಿ ಹಿಡಿದ್ರೆ ಬೆಳಕೂ ಫೋಕಸ್ಸೂ ಬೀಗ ಹಾಕಿದ ಹಾಗೆ ನಿಲ್ಲುತ್ತೆ. ಎಸಳು ಬಿಳಿಯಾದ್ದರಿಂದ ಪ್ಲಸ್ ಮೂರನೇ ಒಂದೋ ಎರಡೋ ಕೊಟ್ಟು ಪೂರ್ತಿ ಒತ್ತೋದು. ಎಲೆ ಕಪ್ಪಾಗಿ ಬರುತ್ತೆ, ಬರಲಿ. ಎಸಳಿನ ನರವೂ ಕಾಣುತ್ತೆ, ನುಸಿಯ ಕಾಲೂ ಕಾಣುತ್ತೆ.

ಬಿಸಿಲಲ್ಲಿ ಸ್ಕ್ರೀನು ನೋಡಿ ಬೆಳಕು ಸರಿಯಿದೆಯಾ ಅಂತ ತೀರ್ಮಾನ ಮಾಡೋಕಾಗಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಡಿಸ್ಪ್ಲೇ ಗುಂಡಿ ಒತ್ತುತ್ತಾ ಹೋದ್ರೆ ಗುಡ್ಡದ ಸಾಲಿನಂಥ ಒಂದು ಚಿತ್ರ ಬರುತ್ತೆ, ಹಿಸ್ಟೋಗ್ರಾಮ್ ಅಂತಾರೆ. ಗುಡ್ಡ ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತಿದ್ರೆ ಎಲ್ಲೋ ಸುಟ್ಟಿದೆ ಅಂತ ಅರ್ಥ.

ಐಎಸ್‌ಒ ಬಗ್ಗೆ ಒಂದೇ ಮಾತು. 100 ಅಥವಾ 200ಕ್ಕೆ ಇಡಿ. ಸಂಜೆ ಬೆಳಕು ಕಡಿಮೆಯಾಯ್ತು ಅಂತ 1600ಕ್ಕೆ ಏರಿಸಿದ್ರೆ ಈ ಸಣ್ಣ ಕ್ಯಾಮೆರಾಗಳಲ್ಲಿ ಫೋಟೋ ತುಂಬ ಮರಳು ಚೆಲ್ಲಿದ ಹಾಗೆ ಚುಕ್ಕೆ ಬರುತ್ತೆ. ಮೈಟ್ ನುಸಿ ರಸ ಹೀರಿದ ಚುಕ್ಕೆಗೂ ಅದಕ್ಕೂ ವ್ಯತ್ಯಾಸ ಹೇಳೋದು ಕಷ್ಟ.

ಬಣ್ಣ ಕೆಡಿಸೋದು ಯಾವುದು

ನನ್ನ ಅಡುಗೆಮನೆ ಬಲ್ಬಿಗೆ ವಾಪಸ್ ಬರೋಣ. ಬೆಳಕಿಗೂ ಬಣ್ಣ ಇದೆ. ಅದನ್ನ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು ಸುಮಾರು 2700, ಮಧ್ಯಾಹ್ನದ ಬಿಸಿಲು ಸುಮಾರು 5500, ಬೆಳ್ಳಗಿನ ಎಲ್‌ಇಡಿ 6500, ನೀಲಿ ಆಕಾಶದ ಕೆಳಗಿನ ನೆರಳು 7000 ದಾಟುತ್ತೆ. ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ನಮ್ಮ ಕಣ್ಣು ಇದನ್ನ ತಾನಾಗೇ ಸರಿ ಮಾಡ್ಕೊಳ್ಳುತ್ತೆ, ಅದಕ್ಕೇ ನಮಗೆ ಬಲ್ಬಿನ ಕೆಳಗೂ ಅನ್ನ ಬೆಳ್ಳಗೇ ಕಾಣುತ್ತೆ. ಕ್ಯಾಮೆರಾ ಇದಕ್ಕಾಗಿ ವೈಟ್ ಬ್ಯಾಲೆನ್ಸ್ ಅನ್ನೋ ಆಯ್ಕೆ ಇಟ್ಟಿದೆ. ಸೂರ್ಯ, ಮೋಡ, ಬಲ್ಬು, ಟ್ಯೂಬ್‌ಲೈಟ್ ಚಿತ್ರಗಳು ಅಲ್ಲಿರುತ್ತವೆ. ಬಿಸಿಲಲ್ಲಿ ನಿಂತು ಮೋಡದ ಚಿತ್ರ ಆರಿಸಿದ್ರೆ ಗಟ್ಟಿ ಹಸಿರು ಎಲೆಯೂ ಹಳದಿ ತಿರುಗುತ್ತೆ.

ಹಳದಿ ನಮಗೆ ಬರೀ ಬಣ್ಣ ಅಲ್ಲ, ಅದು ರೋಗಲಕ್ಷಣ. ಕೆಳಗಿನ ಹಳೇ ಎಲೆ ಹಳದಿಯಾದ್ರೆ ಸಾರಜನಕ ಅಂತೀವಿ. ತುದಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದ್ರೆ ಕಬ್ಬಿಣ ಅಂತೀವಿ. ಈ ವ್ಯತ್ಯಾಸ ಕೆಟ್ಟ ವೈಟ್ ಬ್ಯಾಲೆನ್ಸಿನಲ್ಲಿ ಅಳಿಸಿಹೋಗುತ್ತೆ.

ಆಟೋ ವೈಟ್ ಬ್ಯಾಲೆನ್ಸ್ ಬಿಸಿಲಲ್ಲಿ ಪರವಾಗಿಲ್ಲ. ಹಳದಿ ಬಲ್ಬಿನ ಕೆಳಗೆ ಪೂರ್ತಿ ಸರಿ ಮಾಡಲ್ಲ. ಫೋಟೋ ತುಂಬ ಹಸಿರೇ ತುಂಬಿದ್ರೂ ಗಲಿಬಿಲಿಯಾಗಿ ಬಣ್ಣ ಜರುಗಿಸಿಬಿಡುತ್ತೆ. ಇದಕ್ಕೆ ಪರಿಹಾರ ಬರೀ ಒಂದು ಬಿಳಿ ಹಾಳೆ. ಎಲೆಯ ಪಕ್ಕ, ಫೋಟೋದ ಮೂಲೆಯಲ್ಲಿ ಪ್ರಿಂಟರಿನ ಬಿಳಿ ಹಾಳೆ ಇಡಿ. ಅತ್ತ ಕಡೆ ನೋಡೋರಿಗೆ ಹಾಳೆ ಹಳದಿ ಕಂಡ್ರೆ ಎಲೆಯ ಹಳದಿಯನ್ನ ಅವರು ನಂಬಲ್ಲ, ಹಾಳೆ ಬೆಳ್ಳಗಿದ್ರೆ ನಂಬ್ತಾರೆ. ಅದರ ಮೇಲೇ ಶಾಲೆಯ ಸ್ಕೇಲೊಂದು ಇಟ್ರೆ ಕೀಟದ ಅಳತೆಯೂ ಸಿಕ್ತು. ಪೇಪರ್ ಓದಿ ಉಳಿದ ಹಾಳೆ ಬೇಡ, ಅದರ ಮೈಬಣ್ಣವೇ ಮಾಸಲು. ಕ್ಯಾಮೆರಾದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಇದ್ರೆ ಇದೇ ಹಾಳೆಯನ್ನ ತೋರಿಸಿ ಹೊಂದಿಸಿ, ಒಂದು ನಿಮಿಷದ ಕೆಲಸ.

ನರ್ಸರಿ ಇಟ್ಟವರು ಇನ್ನೊಂದು ಗಮನಿಸಿ. ಹಸಿರು ನೆರಳು ಪರದೆಯ ಕೆಳಗೆ ತೆಗೆದ ಸಸಿ ಯಾವಾಗಲೂ ಆರೋಗ್ಯವಾಗೇ ಕಾಣುತ್ತೆ. ಬಿಳಚಿಕೊಂಡ ಸಸಿಯೂ ಹಸಿರು! ಟ್ರೇಯನ್ನ ಹೊರಗೆ ತಂದು ತೆಗೀರಿ. ಪಕ್ಕದಲ್ಲಿ ನಿಂತವರ ಕೆಂಪು ಅಂಗಿಯೂ ಎಲೆ ಮೇಲೆ ಬಣ್ಣ ಚೆಲ್ಲುತ್ತೆ, ಒಂದು ಹೆಜ್ಜೆ ಹಿಂದೆ ಸರಿಯೋಕೆ ಹೇಳಿ.

ಪಂಚೆ, ಥರ್ಮಾಕೋಲ್, ಬೆಳಗಿನ ಬಿಸಿಲು

ಮೆಣಸಿನಕಾಯಿ ಮುಟುರು ರೋಗದಲ್ಲಿ ಎಲೆ ಯಾವ ಕಡೆ ಮುದುಡಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಥ್ರಿಪ್ಸ್ ಆದ್ರೆ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗಾಗುತ್ತೆ, ಮೈಟ್ ಆದ್ರೆ ಕೆಳಕ್ಕೆ ಮಡಚಿ ಬೋರಲು ಹಾಕಿದ ದೋಣಿ. ಎರಡಕ್ಕೂ ಉಪಚಾರ ಬೇರೆ. ಆದರೆ ನಾವು ನಿಂತಲ್ಲಿಂದ ಬಗ್ಗಿ, ಮೇಲಿನಿಂದ, ಫ್ಲ್ಯಾಶ್ ಹಾಕಿ ತೆಗೀತೀವಿ. ಎದುರಿನಿಂದ ಬಿದ್ದ ಬೆಳಕು ಉಬ್ಬು ತಗ್ಗನ್ನೆಲ್ಲ ಇಸ್ತ್ರಿ ಹಾಕಿಬಿಡುತ್ತೆ. ಎರಡೂ ದೋಣಿ ಒಂದೇ ಥರ ಚಪ್ಪಟೆ.

ಎಲೆಯ ಮಟ್ಟಕ್ಕೆ ಕೂತ್ಕೊಳ್ಳಿ. ಬಿಸಿಲು ಎಡದಿಂದಲೋ ಬಲದಿಂದಲೋ ಬರಲಿ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ನನಗೆ ಸರಿಹೋಗುತ್ತೆ. ಬಿಸಿಲು ಓರೆಯಾಗಿರುತ್ತೆ, ಗಾಳಿಯೂ ಕಡಿಮೆ. ಫ್ಲ್ಯಾಶ್ ಬಂದ್ ಮಾಡಿ, ಮಿಂಚಿನ ಗುರುತಿಗೆ ಅಡ್ಡಗೆರೆ ಹಾಕಿದ ಚಿತ್ರ ಬರೋವರೆಗೆ ಒತ್ತಿ. ಎಲೆಯ ಅಡಿಭಾಗಕ್ಕೆ ಬೆಳಕು ಬೇಕಾದ್ರೆ ಥರ್ಮಾಕೋಲಿನ ತುಂಡನ್ನ ನೆಲದ ಮೇಲಿಟ್ರೆ ಬಿಸಿಲನ್ನ ಮೇಲಕ್ಕೆ ಎಸೆಯುತ್ತೆ.

ಮಧ್ಯಾಹ್ನವೇ ತೆಗೀಬೇಕಾದ ಪ್ರಸಂಗವೂ ಬರುತ್ತೆ. ಬೆಳೆ ವಿಮೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ 72 ಗಂಟೆಯೊಳಗೆ ತಿಳಿಸಬೇಕು, ಬೆಳಗಿನ ಚೆಂದದ ಬಿಸಿಲಿಗೆ ಕಾಯ್ತಾ ಕೂರೋಕಾಗಲ್ಲ. ನಮ್ಮ ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಅರ್ಧ ಎಲೆ ಸುಟ್ಟು, ಅರ್ಧ ಎಲೆ ಕಪ್ಪಾಗಿ ಬರೋದು ಗ್ಯಾರಂಟಿ. ಆಗ ಇಬ್ಬರು ಬೇಕು. ಒಬ್ಬರು ಗಿಡದ ಮೇಲೆ ಬಿಳಿ ಪಂಚೆಯ ಒಂದೇ ಮಡಿಕೆ ಅಡ್ಡ ಹಿಡಿದ್ರೆ ಬಿಸಿಲು ಸೋಸಿ ಮೆತ್ತಗೆ ಬೀಳುತ್ತೆ. ಕಪ್ಪು ಛತ್ರಿ ಹಿಡಿದ್ರೂ ಆದೀತು, ಆದರೆ ಆ ನೆರಳು ನೀಲಿ ಕಡೆಗೆ ಹೋಗುತ್ತೆ, ಬಿಳಿ ಹಾಳೆ ಮರೆಯಬೇಡಿ.

ಹತ್ತಿರದಿಂದ ತೆಗೆಯೋಕೆ ತುಲಿಪ್ ಹೂವಿನ ಚಿತ್ರ ಇರೋ ಮ್ಯಾಕ್ರೋ ಗುಂಡಿ ಇದೆ. ತೀರಾ ಹತ್ತಿರ ಹೋದ್ರೆ ಕ್ಯಾಮೆರಾದ ನೆರಳೇ ಎಲೆ ಮೇಲೆ ಬೀಳುತ್ತೆ, ಓರೆಯಾಗಿ ಹಿಡೀರಿ. ಗಾಳಿಗೆ ಅಲ್ಲಾಡ್ತಿದ್ರೆ ಎಡಗೈಲಿ ಕಾಂಡ ಹಿಡ್ಕೊಳ್ಳಿ. ಅಲ್ಲಾಡಿದ ಫೋಟೋಗೆ ಯಾವ ಸೆಟ್ಟಿಂಗೂ ಔಷಧಿಯಲ್ಲ.

ಕಣದಲ್ಲಿ ಕೆಂಪು

ರೋಗದ ಮಾತು ಸಾಕು, ಮಾರೋ ಮಾತಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಅದರ ಬೆಲೆಯೇ ಬಣ್ಣದಲ್ಲಿ ಮತ್ತು ಸುಕ್ಕಿನಲ್ಲಿ ಇದೆ. ನಮ್ಮ ಕಡೆಯವರು ಬ್ಯಾಡಗಿ ಮಾರುಕಟ್ಟೆಗೆ ಲೋಡು ಕಳಿಸೋ ಮುಂಚೆ ಈಗ ಫೋಟೋ ಕಳಿಸ್ತಾರೆ. ಕೆಂಪು ಬಣ್ಣ ಕ್ಯಾಮೆರಾಕ್ಕೆ ಬಲು ಕಷ್ಟ. ಒಟ್ಟಾರೆ ಬೆಳಕು ಸರಿಯಿದ್ದ ಹಾಗೆ ಕಂಡ್ರೂ ಕೆಂಪು ಒಂದೇ ತುಂಬಿ ಚೆಲ್ಲಿರುತ್ತೆ. ಸುಕ್ಕೆಲ್ಲ ಮಾಯವಾಗಿ, ಕಾಯಿ ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗಾಗುತ್ತೆ. ಮೈನಸ್ ಮೂರನೇ ಎರಡಕ್ಕೆ ಇಳಿಸಿ, ಓರೆ ಬಿಸಿಲಲ್ಲಿ ತೆಗೆದ್ರೆ ಸುಕ್ಕು ಒಂದೊಂದೂ ಎದ್ದು ಬರುತ್ತೆ. ನೀಲಿ ತಾಡಪತ್ರಿಯ ಮೇಲೆ ತೆಗೀಬೇಡಿ, ಅದು ಬಣ್ಣ ತಿರುಗಿಸುತ್ತೆ. ಗೋಣಿಚೀಲ ಒಳ್ಳೇದು.

ನಮ್ಮ ಪಕ್ಕದ ಹೊಲದ ಅಣ್ಣ ಒಬ್ಬರು ಎಡಿಟ್ ಮಾಡಿ ಕೆಂಪು ಏರಿಸಿ ಕಳಿಸಿದ್ರು. ಫೋನಲ್ಲಿ ಒಳ್ಳೇ ರೇಟು ಕುದುರಿತು. ಮಾಲು ಹೋದ ಮೇಲೆ ಖರೀದಿದಾರ ಚೀಲ ಬಿಚ್ಚಿ ನೋಡಿ ರೇಟು ಇಳಿಸಿದ. ಬಾಡಿಗೆ ಕೊಟ್ಟು ವಾಪಸ್ ತರೋಕಾಗುತ್ತಾ? ಅಣ್ಣ ಬಾಯಿ ಮುಚ್ಚಿಕೊಂಡು ಕೊಟ್ಟು ಬಂದ್ರು. ಮುಂದಿನ ವರ್ಷ ಆ ಖರೀದಿದಾರ ಅವರ ಫೋಟೋ ತೆರೆದೂ ನೋಡಲಿಲ್ಲ.

ಫೋನಿನಲ್ಲಿ ಇದೆಲ್ಲ ಎಲ್ಲಿದೆ

ಕ್ಯಾಮೆರಾ ತೆರೆದು ಎಲೆಯ ಮೇಲೆ ಬೆರಳಿಡಿ. ಪಕ್ಕದಲ್ಲಿ ಸಣ್ಣ ಸೂರ್ಯ ಬರುತ್ತೆ, ಅದನ್ನ ಮೇಲೆ ಕೆಳಗೆ ಎಳೆಯೋದೇ ಪ್ಲಸ್ ಮೈನಸ್. ಬೆರಳನ್ನ ಒತ್ತಿ ಹಿಡಿದ್ರೆ ಬಹಳಷ್ಟು ಫೋನುಗಳಲ್ಲಿ ಬೀಗ ಬೀಳುತ್ತೆ. ಪ್ರೋ ಅನ್ನೋ ವಿಭಾಗದಲ್ಲಿ ಐಎಸ್‌ಒ, ವೈಟ್ ಬ್ಯಾಲೆನ್ಸ್ ಎರಡೂ ಇವೆ.

ಫೋನಿನದ್ದೇ ಆದ ಒಂದು ಕಾಟ ಬೇರೆ ಇದೆ. ಎಐ ಅಂತ ಬರೆದಿರೋ ಆಯ್ಕೆ ಗಿಡ ಕಂಡ ಕೂಡಲೇ ಹಸಿರನ್ನ ಇನ್ನಷ್ಟು ಹಸಿರು ಮಾಡುತ್ತೆ. ಚೆಂದ ಕಾಣಲಿ ಅಂತ. ಕಬ್ಬಿಣದ ಕೊರತೆಯ ತೆಳು ಹಳದಿ ಅಲ್ಲೇ ಮುಚ್ಚಿಹೋಗುತ್ತೆ. ಅದನ್ನೂ ಬ್ಯೂಟಿಯನ್ನೂ ಆಫ್ ಮಾಡಿ. ಅಗ್ಗದ ಫೋನುಗಳ ಮ್ಯಾಕ್ರೋ ಲೆನ್ಸಿಗಿಂತ ಮುಖ್ಯ ಕ್ಯಾಮೆರಾವನ್ನ ಒಂದು ಗೇಣು ದೂರ ಹಿಡಿದು, ಆಮೇಲೆ ಕತ್ತರಿಸಿಕೊಳ್ಳೋದು ವಾಸಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಫೋಟೋ ಕುಗ್ಗಲ್ಲ. ರಾತ್ರಿ ಕಣ್ಣಿಗೆ ತಂಪಾಗಲಿ ಅಂತ ಸ್ಕ್ರೀನು ಹಳದಿ ಮಾಡಿಕೊಂಡಿರ್ತೀವಲ್ಲ, ಅದನ್ನ ತೆಗೆಯದೆ ಎಲೆಯ ಬಣ್ಣ ನೋಡಬೇಡಿ. ಸಲಹೆ ಕೊಡೋರಿಗೂ ಇದು ಅನ್ವಯ, ನನಗೂ ಸೇರಿ.

ಹೋದ ಹಂಗಾಮಿನಲ್ಲಿ ಸಿರುಗುಪ್ಪದ ಹುಡುಗನೊಬ್ಬ ಸೋನಾ ಮಸೂರಿ ಭತ್ತದ ಎಲೆಯ ಫೋಟೋ ಕಳಿಸಿದ್ದ. "ಅಕ್ಕಾ, ಅಂಗಡ್ಯಾಗ ಬೆಂಕಿ ರೋಗ ಅಂದ್ರು. ಔಷಧಿ ತಂದೀನಿ, ನಾಳೆ ಹೊಡೀತೀನಿ." ಮಧ್ಯಾಹ್ನದ ಬಿಸಿಲು, ಮೇಲೆ ಫ್ಲ್ಯಾಶ್, ಎಲೆ ತುಂಬ ಬರೀ ಬಿಳಿ ಗೀರು. ಬೆಂಕಿ ರೋಗದ ಚುಕ್ಕೆ ಕಣ್ಣಿನ ಆಕಾರದಲ್ಲಿ, ನಡುವೆ ಬೂದಿ, ಅಂಚಿಗೆ ಕಂದು ಇರುತ್ತೆ. ಈ ಫೋಟೋದಲ್ಲಿ ಬೂದಿಯೂ ಇಲ್ಲ, ಕಂದೂ ಇಲ್ಲ.

"ಒಂದಿನ ತಡೀಪ್ಪ. ಬೆಳಿಗ್ಗೆ ಎಲೆನ ಆಕಾಶಕ್ಕೆ ಅಡ್ಡ ಹಿಡಿದು, ಎಲೆ ಮೇಲೆ ಬೆರಳಿಟ್ಟು, ಆ ಸೂರ್ಯನ್ನ ಸ್ವಲ್ಪ ಮೇಲಕ್ಕೆ ಎಳೆದು ಇನ್ನೊಂದು ಕಳ್ಸು" ಅಂದೆ. ಹಿನ್ನೆಲೆ ಬೆಳ್ಳಗಿದ್ದಾಗ ಪ್ಲಸ್ ಅಂತ ಮೇಲೆ ಹೇಳಿದ್ನಲ್ಲ, ಅದೇ.

ಬೆಳಿಗ್ಗೆ ಏಳಕ್ಕೇ ಬಂತು. ನರಗಳ ನಡುವೆ ನೇರ ಗೆರೆಗಳು, ಬೆಳಕು ಆರಪಾರ ದಾಟುವಂಥವು. ಕಣ್ಣಿನ ಆಕಾರ ಒಂದೂ ಇರಲಿಲ್ಲ. ದುಂಡಾಣು ಗೆರೆ ರೋಗ ಇರಬಹುದು, ಶಿಲೀಂಧ್ರದ ಔಷಧಿ ಇದಕ್ಕೆ ತಾಗಲ್ಲ, ನಾಲ್ಕು ಎಲೆ ಕವರಿನಲ್ಲಿ ಹಾಕ್ಕೊಂಡು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಖಾತ್ರಿ ಮಾಡಿಸು ಅಂದೆ. ಹೋದ. ಅಲ್ಲೂ ಅದೇ ಹೇಳಿದ್ರಂತೆ, ಯೂರಿಯಾ ನಿಲ್ಲಿಸಿ ಗದ್ದೆಯ ನೀರು ಬಸಿ ಅಂದ್ರಂತೆ.

ತಂದ ಬಾಟಲಿಯ ಸೀಲು ಇನ್ನೂ ಒಡೆದಿರಲಿಲ್ಲ. ಅಂಗಡಿಯವರು ಗೊಣಗಿಕೊಂಡೇ ವಾಪಸ್ ತಗೊಂಡ್ರು ಅಂತ ಸಂಜೆ ಫೋನ್ ಮಾಡಿ ಹೇಳಿದ.